ಇನ್ನೆಷ್ಟು ಗುಂಡು?

ಕಿವಿಗೆ ಹತ್ತಿ ತುರುಕಿಕೊಳ್ಳಿ. 1943ರ ಆರಂಭದ ದಿನಗಳು. ಅಮೆರಿಕದ ವರ್ಜೀನಿಯಾದಲ್ಲಿ, ಪೊಟೊಮ್ಯಾಕ್ ನದಿಯ ದಂಡೆಯ ಡಾಲ್‌ಗ್ರೆನ್ ಎಂಬಲ್ಲಿ ನಿಂತಿದ್ದೀರಿ. ನೌಕಾಪಡೆ ತನ್ನ ಫಿರಂಗಿ, ಮದ್ದು, ಗುಂಡುಗಳನ್ನು ಒರೆಗೆ ಹಚ್ಚಿ ನೋಡುವ ಜಾಗ ಇದು. ಫಿರಂಗಿಯ ಮೂತಿ ನದಿ ಹರಿದುಹೋಗುವ ದಿಕ್ಕಿಗಿದೆ. ಒಂದು ಸುತ್ತು ಹಾರಿತು. ಎದೆಗೂಡು ಅದುರಿತು, ಕಾಲಡಿಯ ನೆಲ ಸಣ್ಣಗೆ ನಡುಗಿತು. ಬಹಳ ದೂರದಲ್ಲಿ ನೀರು ಬೆಳ್ಳಗೆ ಎದ್ದು ಬಿತ್ತು. ಪಕ್ಕದವನು ಹಾಳೆಯ ಮೇಲೆ ಒಂದು ಗೀಟು ಎಳೆದ. ಮತ್ತೊಂದು ಸುತ್ತು, ಮತ್ತೊಂದು ಗೀಟು.

ಹಳೆಯ ಬಗೆಯ ಗುಂಡು ಮೇಲೋ, ಹೊಸ ಬಗೆಯದು ಮೇಲೋ ಎಂದು ತಿಳಿಯಬೇಕು. ನೂರು ನೂರು ಹಾರಿಸಿ ನೋಡಿದರೆ ಸಾಲದೆ? ಸಾಲದು. ಎರಡರ ನಡುವಿನ ವ್ಯತ್ಯಾಸ ಸಣ್ಣದಾದಷ್ಟೂ ಅದು ಬರೀ ಅದೃಷ್ಟದಾಟವಲ್ಲ ಎಂದು ಖಾತ್ರಿಪಡಿಸಿಕೊಳ್ಳಲು ಹೆಚ್ಚು ಹೆಚ್ಚು ಸುತ್ತು ಬೇಕು. ನ್ಯೂಯಾರ್ಕಿನ ಸಂಖ್ಯಾಶಾಸ್ತ್ರಜ್ಞರು ಲೆಕ್ಕ ಹಾಕಿ ಕೊಟ್ಟ ಸಂಖ್ಯೆಗಳು ಸಾವಿರಗಳಲ್ಲಿದ್ದವು. ನೌಕಾಪಡೆಯ ಶಸ್ತ್ರಾಸ್ತ್ರ ವಿಭಾಗದ ಕ್ಯಾಪ್ಟನ್ ಗ್ಯಾರೆಟ್ ಷೈಲರ್ ಅದನ್ನು ನೋಡಿ ದಂಗಾದರು. ಅವರ ತಕರಾರು ತೀರ ಸರಳ. ಡಾಲ್‌ಗ್ರೆನ್‌ನಲ್ಲಿ ಪರೀಕ್ಷೆ ಶುರುವಾದರೆ ಲೆಕ್ಕದಲ್ಲಿ ಹೇಳಿದ ಕೊನೆಯ ಗುಂಡಿನವರೆಗೆ ಹಾರಿಸುತ್ತಲೇ ಇರುತ್ತಾರೆ. ಆದರೆ ತನ್ನಂಥ ಪಳಗಿದ ಅಧಿಕಾರಿ ಅಲ್ಲಿ ನಿಂತಿದ್ದರೆ ಕೆಲವು ಸಾವಿರ, ಅಷ್ಟೇಕೆ, ಕೆಲವು ನೂರು ಸುತ್ತಾಗುವಷ್ಟರಲ್ಲೇ ಯಾವುದು ಎತ್ತ ಎಂದು ಗೊತ್ತಾಗಿಬಿಡುತ್ತದೆ. ಆ ಪಳಗಿದ ಕಣ್ಣಿನ ಕೆಲಸವನ್ನು ಒಂದು ನಿಯಮವನ್ನಾಗಿ ಮೊದಲೇ ಬರೆದಿಡಲು ಬರುವುದಿಲ್ಲವೆ? ಇಂಥಿಂಥ ಸ್ಥಿತಿ ಬಂದರೆ ನಿಲ್ಲಿಸು, ಇಲ್ಲದಿದ್ದರೆ ಮುಂದುವರಿಸು ಎಂದು?

ಈ ಪ್ರಶ್ನೆಯನ್ನು ಹೊತ್ತು ನ್ಯೂಯಾರ್ಕಿಗೆ ಬನ್ನಿ. ಕೊಲಂಬಿಯಾ ವಿಶ್ವವಿದ್ಯಾಲಯದ ಪಕ್ಕ, ಪಶ್ಚಿಮ 118ನೇ ಬೀದಿಯ 401ನೇ ನಂಬರಿನ ಕಟ್ಟಡ. ಹೊರಗಿನಿಂದ ನೋಡಿದರೆ ಯುದ್ಧಕ್ಕೂ ಇದಕ್ಕೂ ಸಂಬಂಧವಿದೆ ಎನಿಸದು. ಒಳಗೆ ಮೇಜು, ಲೆಕ್ಕದ ಯಂತ್ರಗಳ ಕಟಕಟ, ಬೀಗ ಹಾಕಿದ ಕಪಾಟು. ‘ಸ್ಟ್ಯಾಟಿಸ್ಟಿಕಲ್ ರಿಸರ್ಚ್ ಗ್ರೂಪ್’ ಎಂಬ ಈ ತಂಡದ ಸಂಶೋಧನೆಯ ಹೊಣೆ ಹೊತ್ತ ಆ್ಯಲನ್ ವಾಲಿಸ್‌ಗೆ ಇನ್ನೂ ಮೂವತ್ತು. ಆಚೆ ಮೇಜಿನಲ್ಲಿರುವ ಮಿಲ್ಟನ್ ಫ್ರೀಡ್‌ಮನ್‌ಗೂ ಅಷ್ಟೇ ವಯಸ್ಸು. 1976ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆಯಲಿರುವ ಅದೇ ಫ್ರೀಡ್‌ಮನ್. ಯುದ್ಧವಿಮಾನದ ಬಂದೂಕಿಗೆ ಯಾವ ಯಾವ ಗುಂಡುಗಳನ್ನು ಯಾವ ಪ್ರಮಾಣದಲ್ಲಿ ತುಂಬಬೇಕು ಎಂದು ಇಲ್ಲಿಂದ ಸಲಹೆ ಹೋದರೆ ಪೈಲಟ್‌ಗಳು ಹಾಗೆಯೇ ತುಂಬಿಕೊಂಡು ಹಾರುತ್ತಾರೆ. ಕೆಲವರು ಮರಳುತ್ತಾರೆ, ಕೆಲವರು ಇಲ್ಲ. ಈ ಕೋಣೆಗಳಲ್ಲಿ ದಶಮಾಂಶ ಚುಕ್ಕಿ ತಪ್ಪುವುದು ಪರೀಕ್ಷೆಯ ಅಂಕ ಕಳೆದುಕೊಂಡಷ್ಟು ಹಗುರದ ಮಾತಲ್ಲ.

ವಾಲಿಸ್ ಮತ್ತು ಫ್ರೀಡ್‌ಮನ್ ಊಟದ ಹೊತ್ತಿನಲ್ಲಿ ಷೈಲರರ ಪ್ರಶ್ನೆಯನ್ನೇ ಅಗೆಯುತ್ತಾರೆ. ತೊಡಕು ಎಲ್ಲಿದೆ ಗೊತ್ತೆ? ಆ ಕಾಲದ ಸಂಖ್ಯಾಶಾಸ್ತ್ರದಲ್ಲಿ ಎಷ್ಟು ಸಲ ಹಾರಿಸಬೇಕು ಎಂದು ಮೊದಲೇ ನಿಗದಿಯಾಗಬೇಕು, ಅಷ್ಟೂ ಮುಗಿದ ಮೇಲೆಯೇ ತೀರ್ಪು. ನಡುನಡುವೆ ಇಣುಕಿ ನೋಡಿ, ‘ಈಗ ನಮಗೆ ಬೇಕಾದ ಫಲ ಕಾಣುತ್ತಿದೆ, ನಿಲ್ಲಿಸೋಣ’ ಎಂದರೆ ಅದು ಮೋಸದಾಟ. ಹತ್ತು ಸಲ ಇಣುಕಿದರೆ ಯಾವುದೋ ಒಂದು ಸಲ ಅದೃಷ್ಟ ನಿಮ್ಮ ಕಡೆ ವಾಲಿರುವ ಗಳಿಗೆ ಸಿಕ್ಕೇ ಸಿಗುತ್ತದೆ. ಅದು ಸರಿ. ಆದರೆ ಇಣುಕಿದ್ದಕ್ಕೆ ತಕ್ಕ ದಂಡವನ್ನೂ ಲೆಕ್ಕದೊಳಗೇ ಸೇರಿಸಿಬಿಟ್ಟರೆ? ಇಬ್ಬರಿಗೂ ಏನೋ ಹೊಳೆದಿದೆ, ಸಾಧಿಸಿ ತೋರಿಸುವಷ್ಟು ಗಣಿತ ಕೈಯಲ್ಲಿಲ್ಲ. ಜೇಕಬ್ ವುಲ್ಫೊವಿಟ್ಸ್‌ಗೆ ಹೇಳಿದರು, ಅವರಿಗೆ ರುಚಿಸಲಿಲ್ಲ. ಕೊನೆಗೆ ಅಬ್ರಹಾಂ ವಾಲ್ಡ್ ಅವರನ್ನು ಕರೆದರು.

ವಾಲ್ಡ್‌ಗೆ ಆಗ ನಲವತ್ತು. ಹುಟ್ಟಿದ್ದು ಆಗ ಹಂಗೇರಿಯಲ್ಲಿದ್ದ, ಈಗಿನ ರುಮೇನಿಯಾದ ಕ್ಲೂಷ್ ನಗರದಲ್ಲಿ, ಯೆಹೂದಿ ಮನೆತನದಲ್ಲಿ, ಓದಿದ್ದು ವಿಯೆನ್ನಾದಲ್ಲಿ. 1938ರಲ್ಲಿ ಅಮೆರಿಕ ಸೇರಿದರು. ಯುರೋಪಿನಲ್ಲಿ ಉಳಿದ ಬಂಧುಗಳಲ್ಲಿ ಹೆಚ್ಚಿನವರನ್ನು ನಾಜಿಗಳು ಮುಗಿಸಿದರು. ಹಂಗೇರಿ ಶತ್ರುಪಾಳಯದಲ್ಲಿದ್ದುದರಿಂದ ಕಾಗದದ ಮೇಲೆ ಇವರೂ ಶತ್ರುದೇಶದವರೇ. ಅವರು ಬರೆಯುತ್ತಿದ್ದ ವರದಿಯೇ ರಹಸ್ಯ ದಾಖಲೆಯಾದ್ದರಿಂದ ಪುಟ ಮುಗಿದೊಡನೆ ಕಾರ್ಯದರ್ಶಿಗಳು ಅದನ್ನು ಅವರ ಕೈಯಿಂದ ಕಿತ್ತುಕೊಳ್ಳುತ್ತಿದ್ದರಂತೆ ಎಂಬ ಜೋಕು ತಂಡದಲ್ಲಿ ಓಡಾಡುತ್ತಿತ್ತು. ಇಂದು ಅವರ ಹೆಸರು ಕೇಳಿದರೆ ಜನಕ್ಕೆ ನೆನಪಾಗುವುದು ಕೆಂಪು ಚುಕ್ಕಿಗಳ ವಿಮಾನದ ಚಿತ್ರ: ಮರಳಿ ಬಂದ ವಿಮಾನಗಳಲ್ಲಿ ಗುಂಡು ಬಿದ್ದಿರದ ಜಾಗಕ್ಕೇ ಕವಚ ಹಾಕಿ ಎಂಬ ಕಥೆ. ಲೆಕ್ಕ ಅವರದೇ, ಚಿತ್ರ ಮಾತ್ರ ತೀರ ಈಚಿನದು. ನನ್ನನ್ನು ಕೇಳಿದರೆ ಅವರ ದೊಡ್ಡ ಕೆಲಸ ಇನ್ನೊಂದು, ಈಗ ನಿಮ್ಮ ಕಣ್ಣೆದುರು ನಡೆಯಲಿರುವುದು.

ಮೊದಲ ಭೇಟಿಯಲ್ಲಿ ಅವರಿಗೂ ಉತ್ಸಾಹವಿಲ್ಲ. ಮಾರನೆಯ ದಿನ ಫೋನ್ ಬಂತು: ಅಂಥ ಪರೀಕ್ಷೆಗಳು ಇರಬಹುದು, ಆದರೆ ಹಳೆಯವುಗಳಷ್ಟು ಬಲವಾಗಿರಲಾರವು. ಅದರ ಮರುದಿನ ಮತ್ತೆ ಫೋನ್: ಇವೆ, ಹಳೆಯವುಗಳಿಗಿಂತ ಬಲವಾಗಿವೆ, ಅವನ್ನು ಕಟ್ಟುವುದು ಹೇಗೆಂದು ಹೇಳಿಕೊಡುತ್ತೇನೆ. ಹೇಳಿದವರೇ ಕಚೇರಿಗೆ ಬಂದರು.

ಹತ್ತಿರ ಹೋಗಿ ನೋಡಿ, ಭಯಪಡಬೇಡಿ, ಗುಣಾಕಾರ ಬಂದರೆ ಸಾಕು. ನಮ್ಮ ಅನುಕೂಲಕ್ಕೆ ಒಂದು ಉದಾಹರಣೆ ಮಾಡಿಕೊಳ್ಳೋಣ. ಗುಂಡು ತಯಾರಿಸಿದವನು ನೂರಕ್ಕೆ ಹತ್ತು ಮಾತ್ರ ಠುಸ್ ಎನ್ನುತ್ತಾನೆ. ಇಲ್ಲ, ನೂರಕ್ಕೆ ಐವತ್ತು ಠುಸ್ ಎಂಬುದು ನಿಮ್ಮ ಶಂಕೆ. ಹಾಳೆಯ ಮೇಲೆ 1 ಎಂದು ಬರೆದುಕೊಳ್ಳಿ. ಒಂದು ಗುಂಡು ಠುಸ್ಸೆಂದಿತೇ? ಐವತ್ತನ್ನು ಹತ್ತರಿಂದ ಭಾಗಿಸಿದರೆ ಐದು. ಬರೆದುಕೊಂಡ ಸಂಖ್ಯೆಯನ್ನು ಐದರಿಂದ ಗುಣಿಸಿ. ಸಿಡಿಯಿತೇ? ಸಿಡಿಯುವ ಪ್ರಮಾಣ ನಿಮ್ಮ ಶಂಕೆಯಲ್ಲಿ ಐವತ್ತು, ಅವನ ಮಾತಿನಲ್ಲಿ ತೊಂಬತ್ತು. ಹಾಗಾಗಿ ಐದರಿಂದ ಗುಣಿಸಿ ಒಂಬತ್ತರಿಂದ ಭಾಗಿಸಿ. ಪ್ರತಿ ಸುತ್ತಿಗೂ ಇಷ್ಟೇ. ಸಂಖ್ಯೆ ಏರುತ್ತದೆ, ಇಳಿಯುತ್ತದೆ. ಎರಡು ಕಡೆಯೂ ನೂರರಲ್ಲಿ ಒಂದು ಸಲ ತಪ್ಪಿದರೆ ಸಹಿಸಿಕೊಳ್ಳುತ್ತೇನೆ ಎನ್ನುವುದಾದರೆ ಮೇಲಿನ ಗಡಿ 99, ಕೆಳಗಿನ ಗಡಿ 99ನೆಯ ಒಂದು ಪಾಲು. ಮೇಲಿನ ಗಡಿ ದಾಟಿತೇ, ಮಾಲು ಕೆಟ್ಟದ್ದು, ನಿಲ್ಲಿಸು. ಕೆಳಗಿನದನ್ನು ದಾಟಿತೇ, ಮಾಲು ಒಳ್ಳೆಯದು, ನಿಲ್ಲಿಸು. ಎರಡರ ನಡುವೆಯೇ ಇದೆಯೇ? ಇನ್ನೊಂದು ಹಾರಿಸು.

ಸತತ ಮೂರು ಠುಸ್ ಆದರೆ 125, ತೀರ್ಪು ಬಂದಾಯಿತು. ಸತತ ಎಂಟು ಸಿಡಿದರೆ ಮಾಲು ಪಾಸು. ಬೆರಕೆ ಫಲ ಬಂದಾಗ ಮಾತ್ರ ಆಟ ಬೆಳೆಯುತ್ತದೆ. ಷೈಲರ್ ಕೇಳಿದ ಪಳಗಿದ ಕಣ್ಣು ಇದೇ, ಈಗ ಅದನ್ನು ಯಾವ ಗುಮಾಸ್ತನ ಕೈಗಾದರೂ ಕೊಡಬಹುದು. ಸರಾಸರಿಯಲ್ಲಿ ಹಳೆಯ ವಿಧಾನದ ಅರ್ಧದಷ್ಟು ಸುತ್ತುಗಳಲ್ಲೇ, ಅಷ್ಟೇ ಖಾತ್ರಿಯೊಂದಿಗೆ ಕೆಲಸ ಮುಗಿಯುತ್ತದೆ. ಸಿದ್ಧಾಂತದ ವರದಿ 1943ರ ಸೆಪ್ಟೆಂಬರಿನಲ್ಲಿ ರಹಸ್ಯ ಮುದ್ರೆ ಹೊತ್ತು ಹೊರಬಂತು. ಯುದ್ಧ ಮುಗಿಯುವ ಹೊತ್ತಿಗೆ ಸೈನ್ಯಕ್ಕೆ ಸಾಮಾನು ಸರಬರಾಜಾಗುವ ಆರು ಸಾವಿರ ಕಡೆಗಳಲ್ಲಿ ಈ ವಿಧಾನ ಬಳಕೆಯಲ್ಲಿತ್ತು. ವಾಲ್ಡ್ 1947ರಲ್ಲಿ ಇದರ ಮೇಲೆ ಪುಸ್ತಕ ಬರೆದರು. ಉಪನ್ಯಾಸಗಳಿಗೆಂದು ಭಾರತಕ್ಕೆ ಬಂದಿದ್ದಾಗ, 1950ರ ಡಿಸೆಂಬರ್ 13ರಂದು, ಅವರೂ ಪತ್ನಿಯೂ ಇದ್ದ ವಿಮಾನ ನೀಲಗಿರಿಗೆ ಅಪ್ಪಳಿಸಿತು. ಗುಂಡ್ಲುಪೇಟೆಯ ಬಯಲಿನಿಂದ ನಮಗೆ ದಿನವೂ ಕಾಣುವ ಅದೇ ಬೆಟ್ಟಸಾಲು. ವಾಲ್ಡ್‌ಗೆ ನಲವತ್ತೆಂಟಾಗಿತ್ತು.

ಇರಲಿ, ನಾವಿನ್ನೂ 1943ರಲ್ಲಿದ್ದೇವೆ. ಹೆಚ್ಚು ಗುಂಡು ಹಾರಿಸುತ್ತಾರೆಂದು ಗೊಣಗಿದ ಷೈಲರರ ಆ ಶಸ್ತ್ರಾಸ್ತ್ರ ವಿಭಾಗಕ್ಕೆ ಇನ್ನೊಂದು ಮುಖವಿತ್ತು. ಅದನ್ನು ನೋಡಲು ನೀರಿನಡಿಗೆ ಇಳಿಯಬೇಕು.

ಜುಲೈ 24. ಪೆಸಿಫಿಕ್ ಸಾಗರ, ಜಪಾನಿಯರ ನೆಲೆಯಾದ ಟ್ರಕ್ ದ್ವೀಪಗಳ ಪಶ್ಚಿಮಕ್ಕೆ. ‘ಟಿನೋಸಾ’ ಎಂಬ ಸಬ್‌ಮರೀನಿನೊಳಗೆ ಬೆವರು, ಡೀಸೆಲ್ ವಾಸನೆ. ಇಕ್ಕಟ್ಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಿದ್ದೀರಿ. ಪೆರಿಸ್ಕೋಪಿಗೆ ಕಣ್ಣಿಟ್ಟಿರುವವರು ನಾಯಕ ಡ್ಯಾನ್ ಡ್ಯಾಸ್ಪಿಟ್. ಮೇಲೆ, ಅಲೆಗಳ ಮೇಲೆ, ‘ತೋನಾನ್ ಮಾರು 3’: ತಿಮಿಂಗಿಲ ಬೇಟೆಗೆಂದು ಕಟ್ಟಿ ಈಗ ಎಣ್ಣೆ ಸಾಗಿಸುತ್ತಿರುವ 19,000 ಟನ್ನಿನ ಹಡಗು. ಬೆಂಗಾವಲಿಲ್ಲ. ದೂರದಿಂದ ಬಿಟ್ಟ ಮೊದಲ ಆರು ಟಾರ್ಪೆಡೊಗಳಲ್ಲಿ ನಾಲ್ಕು ತಾಗಿ ಹಡಗು ನಿಂತಲ್ಲೇ ನಿಂತಿದೆ, ಮುಳುಗಿಲ್ಲ. ಸಬ್‌ಮರೀನಿನವರ ಪಾಲಿಗೆ ಇದಕ್ಕಿಂತ ಸುಲಭದ ಗುರಿ ಇರಲಾರದು. ಡ್ಯಾಸ್ಪಿಟ್ ಅವಸರ ಮಾಡುವುದಿಲ್ಲ. ಪಾಠಪುಸ್ತಕದಲ್ಲಿ ಹೇಳಿದಂತೆ ಹಡಗಿನ ಪಕ್ಕೆಗೆ ನೇರ ಲಂಬಕೋನದಲ್ಲಿ, 875 ಗಜ ದೂರಕ್ಕೆ ಬಂದು ನಿಲ್ಲುತ್ತಾರೆ. ಈಗ ಒಂದೊಂದಾಗಿ.

ನ್ಯೂಯಾರ್ಕಿನ ಆ ಹಾಳೆ ನಿಮ್ಮ ಜೇಬಿನಲ್ಲಿದೆ ಎಂದುಕೊಳ್ಳಿ. ಈ ಸಬ್‌ಮರೀನಿನಲ್ಲಿ ಯಾರಿಗೂ ಅದರ ಸುಳಿವಿಲ್ಲ. 1 ಎಂದು ಬರೆದುಕೊಳ್ಳಿ.

ಕೊಳವೆಯಿಂದ ಟಾರ್ಪೆಡೊ ಹೊರಟ ಎಳೆತ ಕಾಲಿಗೇ ಗೊತ್ತಾಗುತ್ತದೆ. ಯಾರೋ ಸೆಕೆಂಡು ಎಣಿಸುತ್ತಿದ್ದಾರೆ. ಹೋಗಿ ತಾಗಿತು, ನೀರು ಎಗರಿತು, ಸದ್ದಿಲ್ಲ. ಐದು. ಎರಡನೆಯದು. ಮತ್ತೆ ತಾಗಿತು, ಮತ್ತೆ ಠುಸ್. ಇಪ್ಪತ್ತೈದು. ಜಪಾನಿಯರು ಪೆರಿಸ್ಕೋಪಿನತ್ತ ಗುಂಡು ಹಾರಿಸುತ್ತಿದ್ದಾರೆ. ಮೂರನೆಯದು, ಠುಸ್. ನೂರ ಇಪ್ಪತ್ತೈದು. ನಿಮ್ಮ ಹಾಳೆ ತೀರ್ಪು ಕೊಟ್ಟಾಯಿತು: ಕೆಟ್ಟಿರುವುದು ಅದೃಷ್ಟವಲ್ಲ, ಆಯುಧ. ಮೊದಲು ತಾಗಿದ ನಾಲ್ಕೂ ಚೆನ್ನಾಗಿ ಸಿಡಿದಿದ್ದವು ಎಂದು ತಯಾರಕರಿಗೆ ಧಾರಾಳವಾಗಿ ರಿಯಾಯಿತಿ ಕೊಟ್ಟು ಅಲ್ಲಿಂದಲೇ ಲೆಕ್ಕ ಶುರುಮಾಡಿದರೂ ಐದನೆಯ ಠುಸ್ಸಿಗೆ ಗಡಿ ದಾಟುತ್ತದೆ. ಡ್ಯಾಸ್ಪಿಟ್ ನಿಲ್ಲಿಸುವುದಿಲ್ಲ. ಯಾಕೆ ನಿಲ್ಲಿಸಬೇಕು? ಅವರು ಪರೀಕ್ಷೆ ಮಾಡಲು ಬಂದವರಲ್ಲ, ಹಡಗು ಮುಳುಗಿಸಲು ಬಂದವರು. ನಾಲ್ಕು, ಐದು, ಆರು. ಒಂಬತ್ತು ಬಿಟ್ಟರು, ಒಂಬತ್ತೂ ಠುಸ್. ತನ್ನ ಕಣ್ಣನ್ನು ತಾನೇ ನಂಬಲಾಗುತ್ತಿಲ್ಲ ಎಂಬರ್ಥದ ಮಾತನ್ನು ಅವರು ದಿನಚರಿಗೆ ಸೇರಿಸಿದರು. ಕೊನೆಗೆ ಉಳಿದಿದ್ದು ಒಂದು. ಅದನ್ನು ಹಾರಿಸದೆ, ಬಿಚ್ಚಿ ನೋಡಲಿ ಎಂದು ನೆಲೆಗೆ ಒಯ್ದರು. ಬಿಚ್ಚಿ ನೋಡಿದವರಿಗೆ ಯಾವ ದೋಷವೂ ಕಾಣಲಿಲ್ಲ!

ಷೈಲರರ ಅದೇ ಶಸ್ತ್ರಾಸ್ತ್ರ ವಿಭಾಗ ಹೊರತಂದ, ಮಾರ್ಕ್ 14 ಎಂಬ ಈ ಟಾರ್ಪೆಡೊ ಇಲ್ಲಿಯವರೆಗೆ ಬಂದದ್ದಾದರೂ ಹೇಗೆ? ಒಂದರ ಬೆಲೆ ಹತ್ತು ಸಾವಿರ ಡಾಲರ್ ಆಸುಪಾಸು. ದುಡ್ಡು ಉಳಿಸುವ ಕಾಲದಲ್ಲಿ ಅಂಥದ್ದನ್ನು ಸುಮ್ಮನೆ ಸಿಡಿಸಿ ನೋಡಲು ಯಾರಿಗೂ ಮನಸ್ಸಿಲ್ಲ. ಹಡಗಿನ ಅಡಿಯಲ್ಲಿ ಹಾದುಹೋಗುವಾಗ ಅದರ ಕಾಂತಕ್ಷೇತ್ರವನ್ನು ಗ್ರಹಿಸಿ ತಾನೇ ಸಿಡಿಯುವ ಗುಟ್ಟಿನ ಯಂತ್ರವೊಂದು ಇದರ ಹೆಮ್ಮೆ. ಅದನ್ನು ಜೀವಂತ ಸಿಡಿಮದ್ದಿನೊಡನೆ ಒರೆಗೆ ಹಚ್ಚಿದ್ದು 1926ರ ಮೇ ತಿಂಗಳಲ್ಲಿ, ಎಲ್-8 ಎಂಬ ಹಳೆಯ ಸಬ್‌ಮರೀನಿನ ಮೇಲೆ. ಎರಡು ಬಿಟ್ಟರು. ಮೊದಲನೆಯದು ಅಡಿಯಲ್ಲಿ ಸುಮ್ಮನೆ ಹಾದುಹೋಯಿತು, ಎರಡನೆಯದು ಸಿಡಿಯಿತು. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು ಎನ್ನುತ್ತೇವೆ. ಇವರು ಎರಡು ಅಗುಳು ಹಿಸುಕಿದರು, ಒಂದು ಬೆಂದಿತ್ತು, ಒಂದು ಅಕ್ಕಿಯೇ ಆಗಿತ್ತು, ಪಾತ್ರೆ ಇಳಿಸಿ ಬಡಿಸಿಬಿಟ್ಟರು. ನಮ್ಮ ಹಾಳೆಯ ಲೆಕ್ಕದಲ್ಲಿ ಆ ಎರಡು ಹೊಡೆತಗಳ ಫಲ 2.8ರ ಹತ್ತಿರ. ಗಡಿ 99. ಹಾಳೆ ಹೇಳುವುದು ಒಂದೇ ಮಾತು, ಇನ್ನೊಂದು ಹಾರಿಸು. ಆಮೇಲೆ ‘ಎರಿಕ್ಸನ್’ ಎಂಬ ಹಳೆಯ ಹಡಗೊಂದನ್ನು ಪರೀಕ್ಷೆಗೆ ಕೊಡುವ ಮಾತು ಬಂತು, ಆದರೆ ನಿಜವಾದ ಸಿಡಿತಲೆ ಬಳಸಕೂಡದು, ತಪ್ಪಿ ಹಡಗು ಮುಳುಗಿದರೆ ಎತ್ತುವ ಖರ್ಚು ನಿಮ್ಮದೇ ಎಂಬ ಷರತ್ತುಗಳೊಂದಿಗೆ. ಪರೀಕ್ಷೆ ನಡೆಯಲಿಲ್ಲ. ಇದು ಜಿಪುಣತನವೋ ಹುಂಬತನವೋ ಎಂದು ನಾನಂತೂ ನಿರ್ಧರಿಸಲಾರೆ. ಎರಡೂ ಒಂದೇ ಕಚೇರಿಯಲ್ಲಿ ನೆಮ್ಮದಿಯಾಗಿ ಬಾಳಬಲ್ಲವು.

ಹೀಗೆ ಯುದ್ಧಕ್ಕೆ ಬಂದ ಟಾರ್ಪೆಡೊದಲ್ಲಿ ದೋಷ ಒಂದಿರಲಿಲ್ಲ, ಮೂರಿದ್ದವು, ಒಂದರ ಬೆನ್ನಿಗೆ ಇನ್ನೊಂದು ಅಡಗಿ ಕೂತಿತ್ತು. ಮೊದಲನೆಯದನ್ನು ಹಿಡಿಯಲು 1942ರ ಜೂನ್‌ಗೆ, ಆಸ್ಟ್ರೇಲಿಯಾದ ಆಲ್ಬನಿ ಬಂದರಿಗೆ ಹೋಗಿ. ಅಲ್ಲಿನ ಅಮೆರಿಕನ್ ಸಬ್‌ಮರೀನುಗಳ ಮುಖ್ಯಸ್ಥ ಅಡ್ಮಿರಲ್ ಚಾರ್ಲ್ಸ್ ಲಾಕ್‌ವುಡ್ ಒಂದು ಮೀನುಬಲೆ ಕೊಂಡು ನೀರಿಗಿಳಿಸಿದ್ದಾರೆ. ಹತ್ತು ಅಡಿ ಆಳಕ್ಕೆಂದು ಹೊಂದಿಸಿದ ಟಾರ್ಪೆಡೊ ಬಲೆಯನ್ನು ಹರಿದದ್ದು ಇಪ್ಪತ್ತೈದು ಅಡಿಯಲ್ಲಿ. ಟಾರ್ಪೆಡೊಗಳು ಗುರಿಯ ಹಡಗಿನ ಬಹಳ ಕೆಳಗೆ ತೂರಿ ಹೋಗುತ್ತಿದ್ದವು. ಅದನ್ನು ಸರಿಪಡಿಸಿದ ಮೇಲೆಯೇ ಕಾಂತಯಂತ್ರದ ಬಂಡವಾಳ ಬಯಲಾಯಿತು: ಬೇಕಾದಲ್ಲಿ ಸಿಡಿಯದು, ಬೇಡದ ಕಡೆ ಮುಂಚೆಯೇ ಸಿಡಿಯುವುದು. 1943ರ ಜೂನ್ 24ರಂದು ಪೆಸಿಫಿಕ್ ನೌಕಾದಳದ ಮುಖ್ಯಸ್ಥ ಅಡ್ಮಿರಲ್ ನಿಮಿಟ್ಜ್ ಅದನ್ನು ಕೆಲಸ ಮಾಡದಂತೆ ಮಾಡಿ ಎಂದರು. ಇನ್ನು ಹಡಗಿಗೆ ನೇರ ಗುದ್ದಿಯೇ ಸಿಡಿಯಬೇಕು. ಸರಿಯಾಗಿ ಒಂದು ತಿಂಗಳಿಗೆ ಟಿನೋಸಾದ ಸರದಿ, ಮೂರನೆಯ ದೋಷ. ಸಂಕೀರ್ಣ ಯಂತ್ರವನ್ನು ಪರೀಕ್ಷಿಸುವವರ ತಲೆನೋವೆಲ್ಲ ಇಲ್ಲೇ ಇದೆ. ಆಳದಲ್ಲಿ ಹೋಗುವ ಟಾರ್ಪೆಡೊ ಹಡಗಿಗೆ ತಾಗುವುದೇ ಇಲ್ಲ, ತಾಗದಿದ್ದರೆ ಗುದ್ದಿದಾಗ ಸಿಡಿತವನ್ನು ಶುರುಮಾಡುವ ಪಿನ್ನು ಕೆಟ್ಟಿದೆಯೆಂದು ಗೊತ್ತಾಗುವುದೂ ಇಲ್ಲ.

ಆಗಸ್ಟ್ ಕೊನೆ, ಹವಾಯಿ. ಕಹೋಲವೆ ದ್ವೀಪದ ಬಂಡೆಗೋಡೆ ಸಮುದ್ರದಿಂದ ಕಡಿದಾಗಿ ಎದ್ದಿದೆ. ಲಾಕ್‌ವುಡ್ ಈಗ ಪೆಸಿಫಿಕ್ ನೌಕಾದಳದ ಸಬ್‌ಮರೀನುಗಳಿಗೆ ಮುಖ್ಯಸ್ಥರು. ‘ಮಸ್ಕಲಂಜ್’ ಸಬ್‌ಮರೀನು ಬಂಡೆಯತ್ತ ಮೂರು ಟಾರ್ಪೆಡೊ ಬಿಟ್ಟಿತು. ಎರಡು ಸಿಡಿದವು. ಮೂರನೆಯದು ಸಿಡಿಯಲಿಲ್ಲ, ಮತ್ತು ಇವತ್ತು ಬೇಕಾಗಿದ್ದದ್ದು ಅದೇ. ನೀರಿನ ತಳದಲ್ಲಿ ಜೀವಂತ ಮದ್ದು ತುಂಬಿಕೊಂಡು ಬಿದ್ದಿರುವ ಅದಕ್ಕೆ ಮುಳುಗುಗಾರರು ಹಗ್ಗ ಕಟ್ಟಬೇಕು. ಕಟ್ಟಿ ಮೇಲೆತ್ತಿದರು. ಬಿಚ್ಚಿದಾಗ ಪಿನ್ನು ಜಾರುವ ದಾರಿಯೇ ಜಜ್ಜಿಹೋಗಿತ್ತು.

ಮುಂದಿನ ದೃಶ್ಯ ಪರ್ಲ್ ಹಾರ್ಬರಿನದು, ಈ ಇಡೀ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ತೊಂಬತ್ತು ಅಡಿ ಎತ್ತರದ ಕ್ರೇನ್. ಕೆಳಗೆ ದಪ್ಪ ಉಕ್ಕಿನ ತಟ್ಟೆ. ಮದ್ದಿನ ಬದಲು ಕಲ್ಲಿದ್ದಲ ಬೂದಿ ಬೆರೆಸಿದ ಕಾಂಕ್ರೀಟು ತುಂಬಿದ ಸಿಡಿತಲೆಯನ್ನು ಮೇಲಕ್ಕೆತ್ತಿ ಬಿಡುತ್ತಾರೆ. ಹಿಂದೆ ಸರಿದು ನಿಲ್ಲಿ. ಧಡ್! ಓಡಿ ಹೋಗಿ ಪಿನ್ನು ಸಿಡಿಸುವ ಕ್ಯಾಪಿಗೆ ಹೊಡೆದಿದೆಯೇ ಎಂದು ನೋಡುತ್ತಾರೆ. ತಟ್ಟೆಗೆ ನೇರ ಲಂಬವಾಗಿ ಬಿದ್ದಾಗ ಹತ್ತರಲ್ಲಿ ಏಳು ಠುಸ್. ಈಗ ತಟ್ಟೆಯನ್ನು ಓರೆ ಮಾಡುತ್ತಾರೆ. ಠುಸ್ಸಿನ ಪ್ರಮಾಣ ಇಳಿಯಿತು. ಓರೆ ಹೆಚ್ಚಿದಷ್ಟೂ ಪಿನ್ನು ನಿರಾಳ. ಹಿಂದಿನ ನಿಧಾನದ ಟಾರ್ಪೆಡೊಗೆಂದು ಮಾಡಿದ ಆ ಭಾಗ, 46 ನಾಟ್ ವೇಗದಲ್ಲಿ ಹೋಗಿ ನೇರ ಗುದ್ದಿದಾಗ ಬೀಳುವ ಒತ್ತಡವನ್ನು ತಾಳಲಾರದು. ಪಿನ್ನು ಕ್ಯಾಪನ್ನು ಮುಟ್ಟುವ ಮೊದಲೇ ಸಿಕ್ಕಿಬೀಳುತ್ತದೆ.

ಡಾಲ್‌ಗ್ರೆನ್‌ನ ಗುಮಾಸ್ತ ತನ್ನ ಗೀಟುಗಳನ್ನು ಗುಣಿಸಿ ‘ಮಾಲು ಕೆಟ್ಟದ್ದು’ ಎಂದು ಬೇಗ ಹೇಳಬಲ್ಲ. ಯಾಕೆ ಕೆಟ್ಟದ್ದು ಎಂದು ಹೇಳಲು ಇನ್ನೊಂದು ಬೇಕು: ಉಳಿದುದೆಲ್ಲ ಹಾಗೆಯೇ ಇಟ್ಟು ಒಂದನ್ನು ಮಾತ್ರ, ಇಲ್ಲಿ ಕೋನವನ್ನು, ಬೇಕೆಂದೇ ಬದಲಿಸುತ್ತ ಹೋಗುವುದು. ಈ ಟಾರ್ಪೆಡೊ ನೂರಕ್ಕೆ ಎಷ್ಟು ಠುಸ್ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾವ ಕೋನದಲ್ಲಿ ಬಿಟ್ಟಿರಿ ಎಂದು ಮರುಪ್ರಶ್ನೆ ಹಾಕಬೇಕು. ಅಡ್ಡಾದಿಡ್ಡಿ ಕೋನಗಳ ಹೊಡೆತಗಳನ್ನೆಲ್ಲ ಒಟ್ಟುಮಾಡಿ ಸರಾಸರಿ ತೆಗೆದಿದ್ದರೆ ಸಂಖ್ಯೆಯೊಂದು ಸಿಗುತ್ತಿತ್ತು, ಜಜ್ಜಿದ ಪಿನ್ನು ಸಿಗುತ್ತಿರಲಿಲ್ಲ.

ಹಗುರವಾದರೆ ಸಿಕ್ಕಿಬೀಳುವುದಿಲ್ಲ ಎಂದು ಪರ್ಲ್ ಹಾರ್ಬರಿನ ಕಮ್ಮಟದಲ್ಲಿ ಹೊಸ ಪಿನ್ನು ಕಡೆಯತೊಡಗಿದರು. 1941ರ ದಾಳಿಯಲ್ಲಿ ಬಿದ್ದ ಜಪಾನಿ ವಿಮಾನಗಳ ಪ್ರೊಪೆಲರ್ ಲೋಹವೂ ಅದಕ್ಕೆ ಬಳಕೆಯಾಯಿತಂತೆ. ಸೆಪ್ಟೆಂಬರಿನಲ್ಲಿ, ಅಂದರೆ ವಾಲ್ಡ್ ವರದಿ ನ್ಯೂಯಾರ್ಕಿನಲ್ಲಿ ಸಿದ್ಧವಾದ ತಿಂಗಳಲ್ಲೇ, ಹೊಸ ಪಿನ್ನಿನ ಟಾರ್ಪೆಡೊಗಳು ಮೊದಲ ಸಲ ಸಮುದ್ರಕ್ಕೆ ಹೊರಟವು. ಅಷ್ಟರಲ್ಲಾಗಲೇ ದೂರದ ನೀರಿನಲ್ಲಿದ್ದ ಸಬ್‌ಮರೀನುಗಳ ಕೊಳವೆಗಳಲ್ಲಿ ಹಳೆಯವೇ ತುಂಬಿದ್ದವು. ಗುರಿಯ ಪಕ್ಕೆಗೆ ನೇರ ಲಂಬಕೋನ ಸಿಗುವವರೆಗೆ ಕಾಯಬೇಕೆಂದು ವರ್ಷಗಟ್ಟಲೆ ಕಲಿತ ಅವುಗಳ ನಾಯಕರಿಗೆ ಲಾಕ್‌ವುಡ್ ಕಳಿಸಿದ ಸೂಚನೆ ಇದು: ನೇರ ಹೊಡೆಯಬೇಡಿ, ಆದಷ್ಟು ಓರೆಯಾಗಿ ಹೊಡೆಯಿರಿ.